ಮೊಳೆ ಕಚ್ಚಿದ ಗಾಯ

ನಮ್ಮಣ್ಣನ ಹತ್ತಿರ ಮಾತಾಡಬೇಕಾದರೆ ಅವನ ಬಾಯಲ್ಲಿದ್ದ ಸ್ಕ್ರೂಗಳು ಖಾಲಿಯಾಗುವ ತನಕ ಕಾಯಬೇಕಿತ್ತು. ತಗಡು ಹಾಸುವವರೆಲ್ಲ ಹಾಗೇ. ಒಂದು ಕೈಯಲ್ಲಿ ಶೀಟನ್ನು ಒತ್ತಿ ಹಿಡಿಯಬೇಕು, ಇನ್ನೊಂದರಲ್ಲಿ ಡ್ರಿಲ್ಲು, ಮೂರನೇ ಕೈಯನ್ನು ದೇವರು ಕೊಟ್ಟಿಲ್ಲ. ಹಾಗಾಗಿ ಕೆಳತುಟಿಯ ಎಡಮೂಲೆಯಲ್ಲಿ ನಾಲ್ಕು ಸ್ಕ್ರೂ ಕಚ್ಚಿಕೊಂಡು ಒಂದೊಂದನ್ನೇ ನಾಲಿಗೆಯಿಂದ ಮುಂದಕ್ಕೆ ತಳ್ಳಿ ತೆಗೆಯುತ್ತಾರೆ. ಹಿಂದೆ ಅದು ಮೊಳೆಯಾಗಿತ್ತು, ಆಮೇಲೆ ಸ್ಕ್ರೂ ಬಂತು, ಆದರೆ ಅವರ ಮಾತಿನಲ್ಲಿ ಇವತ್ತಿಗೂ ಅದು ಮೊಳೆಯೇ. ಹೊಸಬರಿಗೆ ಮೊದಲ ವಾರವೇ ತುಟಿ ಹರಿಯುತ್ತದೆ. ಆಗ ಹಳಬರು, 'ಮೊಳೆ ಕಚ್ತಾ? ಸರಿ, ಇವತ್ತಿಂದ ನೀನು ನಮ್ಮವನು' ಎಂದು ನಗುತ್ತಾರೆ. ಆ ಕಸುಬಿನಲ್ಲಿ ತುಟಿಯ ಮೇಲೊಂದು ಗಾಯವಿಲ್ಲದವನಿಗೆ ಬೆಲೆಯಿಲ್ಲ.

ಅಣ್ಣ ಹತ್ತೊಂಬತ್ತನೇ ವಯಸ್ಸಿಗೆ ಏಣಿ ಹತ್ತಿದ. ಮೂವತ್ತಮೂರು ವರ್ಷ ಊರಿನವರ ತಲೆಯ ಮೇಲೇ ಓಡಾಡಿದ. ಗೋದಾಮು, ಬಸ್ ಡಿಪೋ, ಶಾಲೆಯ ಸೈಕಲ್ ಸ್ಟ್ಯಾಂಡು, ರೈಲ್ವೆ ಷೆಡ್ಡು, ಎಲ್ಲದರ ಮೇಲೂ ಅವನ ಕೈಯ ತಗಡು. ಜೊತೆಯಲ್ಲಿ ಅಲ್ಲಿ ಇಲ್ಲಿ ಹೋಗುವಾಗ ಬೀದಿಯನ್ನು ನೋಡುತ್ತಿರಲಿಲ್ಲ, ಚಾವಣಿಗಳನ್ನೇ ನೋಡುತ್ತಿದ್ದ. 'ಅದು ನಂದು. ಅದು ನಂದಲ್ಲ, ಅದಕ್ಕೇ ಸೋರುತ್ತೆ' ಎನ್ನುತ್ತಿದ್ದ. ಅವನ ಸ್ವಂತ ಮನೆಯ ಚಾವಣಿ ಎರಡು ಕಡೆ ಸೋರುತ್ತಿತ್ತು. ಅತ್ತಿಗೆ ಮಳೆ ಬಂದಾಗಲೆಲ್ಲ ಎರಡು ಬಕೆಟ್ ಇಟ್ಟು, 'ಮೇಸ್ತ್ರಿಗಳು ಯಾವತ್ತು ಬರ್ತಾರೋ ಕೇಳಿ ಹೇಳಮ್ಮ' ಎಂದು ಅವನ ಎದುರಿಗೇ ನನ್ನನ್ನು ಕೇಳುತ್ತಿದ್ದರು. ಅವನು ಕೇಳಿಸದವನ ಹಾಗೆ ಪೇಪರ್ ಓದುತ್ತಿದ್ದ.

ನಾನು ಅವನಿಗಿಂತ ಒಂಬತ್ತು ವರ್ಷ ಚಿಕ್ಕವಳು. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತು ಹದಿನೇಳು ವರ್ಷವಾಯಿತು. ಔಷಧಿಯ ಓದು ಓದಿದವರು ಅಂಗಡಿಯ ಯಜಮಾನರು, ನಾನಲ್ಲ. ನಾನು ಡಾಕ್ಟರುಗಳ ಕೋಳಿಕಾಲಿನ ಬರಹ ಓದುವುದನ್ನು ಕಲಿತೆ, ಯಾವ ಮಾತ್ರೆ ಯಾವ ಗೂಡಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವುದನ್ನು ಕಲಿತೆ, ಆಮೇಲೆ ನಿಧಾನಕ್ಕೆ ಯಾರೂ ಕಲಿಸದ್ದನ್ನೂ ಕಲಿತೆ. ಬೀದಿಯ ಜನ ತಲೆನೋವು, ಹೊಟ್ಟೆಯುರಿ, ಮಗುವಿನ ಕೆಮ್ಮು ಎಂದು ಬಂದರೆ ಕೇಳಿ ಕೊಡುತ್ತಿದ್ದೆ. ವಾಸಿಯಾಗುತ್ತಿತ್ತು, ಬಹಳಷ್ಟು ಕಾಯಿಲೆ ಔಷಧಿಯಿಲ್ಲದೆ ಸುಮ್ಮನೆ ಬಿಟ್ಟರೂ ವಾಸಿಯಾಗುತ್ತದೆ ಎನ್ನುವುದು ನನಗೆ ಹೊಳೆಯಲಿಲ್ಲ. ಅಣ್ಣ ನನ್ನನ್ನು 'ಡಾಕ್ಟ್ರಮ್ಮ' ಎಂದು ಕರೆಯತೊಡಗಿದ. ಮೊದಲು ತಮಾಷೆಗೆ, ಆಮೇಲೆ ರೂಢಿಗೆ. ಕೊನೆಗೆ ನಂಬಿದವಳು ನಾನೇ.

ನನಗೆ ಮೂಗಿನ ತುದಿಯಲ್ಲೇ ಕೋಪ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಮ್ಮೆ ಅಣ್ಣ ಕೆಲಸದ ಜಾಗದ ಹತ್ತಿರದ ಅಂಗಡಿಯಿಂದ ಜ್ವರದ ಮಾತ್ರೆ ತಗೊಂಡ ಎನ್ನುವ ಒಂದೇ ಕಾರಣಕ್ಕೆ ಹತ್ತು ದಿನ ಅವನ ಜೊತೆ ಮಾತು ಬಿಟ್ಟಿದ್ದೆ. 'ನಾನು ಇಲ್ಲಿ ಕಲ್ಲುಬಂಡೆ ಹಾಗೆ ನಿಂತಿರೋದು ಯಾಕೆ?' ಎಂದಿದ್ದೆ. ಪಾಪ, ಹನ್ನೊಂದನೇ ದಿನ ಎರಡು ಬಾಳೆಹಣ್ಣು ಹಿಡಿದುಕೊಂಡು ಬಂದು ಕೌಂಟರಿನ ಮುಂದೆ ನಿಂತು, ಇಲ್ಲದ ಕೆಮ್ಮು ಕೆಮ್ಮಿ ಔಷಧಿ ಕೇಳಿದ.

ಅದೇ ಕೋಪದಿಂದ ಅವನ ಸಿಗರೇಟನ್ನೂ ಬಿಡಿಸಿದೆ. ದಿನಕ್ಕೆ ಹತ್ತು ಹನ್ನೆರಡು ಸೇದುತ್ತಿದ್ದ. ಮೊಳೆ ಬಲಗಡೆಗೆ ಹೋಗುವುದು ಸಿಗರೇಟು ಎಡಗಡೆ ಇದ್ದಾಗ ಮಾತ್ರ. ಬೇಡಿದೆ, ಬೈದೆ, ಪ್ಯಾಕೆಟ್ಟನ್ನು ಬಟ್ಟೆ ನೆನೆಸಿದ ಬಕೆಟ್ಟಿಗೆ ಹಾಕಿದೆ. 'ನಿನ್ನ ತುಟಿ ನೋಡ್ಕೋ, ಸುಟ್ಟ ರಬ್ಬರ್ ಆಗಿದೆ' ಎಂದೆ. ನಾಲ್ಕು ವರ್ಷದ ಹಿಂದೆ ಒಂದು ದಿನ ಬಿಟ್ಟೇಬಿಟ್ಟ. ಅತ್ತಿಗೆ ಅವತ್ತು ನನ್ನ ಕೈ ಹಿಡಿದುಕೊಂಡು ಅತ್ತರು. ನಾನು ಯುದ್ಧ ಗೆದ್ದವಳ ಹಾಗೆ ಮನೆಗೆ ಹೋದೆ. ಬಿಸಿಲಿಗೆಂದು ಅಗಲ ಅಂಚಿನ ಟೋಪಿಯೊಂದನ್ನೂ ತಂದುಕೊಟ್ಟೆ. ಅಮ್ಮನ ಬಣ್ಣ ಅವನದು, ಕೆಂಪಗಿದ್ದ. ಬೇಸಿಗೆ ಬಂತೆಂದರೆ ಮೂಗಿನ ಸಿಪ್ಪೆ ಏಳುತ್ತಿತ್ತು. ಟೋಪಿ ಹಾಕಿದ ಮೇಲೆ ಮೂಗು ಸರಿಹೋಯಿತು. ಇನ್ನೇನು ಭಯ ಎಂದುಕೊಂಡೆ.

ಕೆಳತುಟಿ ಮಾತ್ರ ಸರಿಹೋಗಲಿಲ್ಲ. ವರ್ಷಗಳಿಂದ ಅದು ಒಣಗಿ, ಬಿಳಿಚಿ, ಪದರು ಪದರಾಗಿ ಏಳುತ್ತಲೇ ಇತ್ತು. ತುಟಿ ಎಲ್ಲಿ ಮುಗಿಯಿತು, ಗಲ್ಲದ ಚರ್ಮ ಎಲ್ಲಿ ಶುರುವಾಯಿತು ಎನ್ನುವ ಗೆರೆಯೇ ಅಳಿಸಿಹೋಗಿತ್ತು. ತಗಡಿನವರ ತುಟಿ ಹಾಗೇ ಇರುತ್ತದೆ ಎಂದು ನಾವೆಲ್ಲ ಒಪ್ಪಿಕೊಂಡಿದ್ದೆವು.

ಗಾಯ ಕಾಣಿಸಿದ್ದು ಒಂದು ಭಾನುವಾರ. ಅಣ್ಣನ ಮನೆಯಲ್ಲಿ ಟೀ ಕುಡಿಯುತ್ತಾ ಕೂತಿದ್ದಾಗ ಅವನು ಲೋಟವನ್ನು ಬಲಗಡೆಗೆ ವಾಲಿಸಿ ಕುಡಿಯುತ್ತಿದ್ದುದನ್ನು ನೋಡಿದೆ.

'ಏನಾಯ್ತೋ ತುಟಿಗೆ?'

'ಏನಿಲ್ಲ ಕಣೇ, ಮೊಳೆ ಕಚ್ಚಿದೆ.'

'ಈ ವಯಸ್ಸಲ್ಲೂ ಕಚ್ಚುತ್ತಾ?'

'ಹಳೇ ಪರಿಚಯ ಅಲ್ವಾ, ಬಿಡಲ್ಲ.'

ಹತ್ತಿರ ಹೋಗಿ ನೋಡಿದೆ. ಎಡಮೂಲೆಯಲ್ಲಿ ಹೆಸರುಕಾಳಿನಷ್ಟು ಗಾಯ, ಮೇಲೆ ಹಕ್ಕಳೆ. ನೋವಿಲ್ಲ ಎಂದ. ನೋವಿಲ್ಲ ಎಂದದ್ದಕ್ಕೆ ಸಮಾಧಾನಪಟ್ಟೆ. ಮಾರನೇ ದಿನ ಒಂದು ಮುಲಾಮು ಕೊಟ್ಟೆ. 'ದಿನಕ್ಕೆ ಮೂರು ಸಲ. ಅಂಗಡಿ ಹೆಸರು ಕೆಡಿಸಬೇಡ' ಎಂದೆ.

ಹಕ್ಕಳೆ ಉದುರಿತು, ಮತ್ತೆ ಕಟ್ಟಿತು. ಎರಡನೇ ತಿಂಗಳು ಮುಲಾಮು ಬದಲಾಯಿಸಿದೆ. ಮೂರನೇ ತಿಂಗಳು ನನಗೊಂದು ಮಹಾ ಉಪಾಯ ಹೊಳೆಯಿತು. ಸೊಂಟಕ್ಕೆ ಕಟ್ಟಿಕೊಳ್ಳುವ ಕ್ಯಾನ್ವಾಸಿನ ಚೀಲವೊಂದನ್ನು ಹೊಲಿಸಿ, 'ಇನ್ನುಮೇಲೆ ಮೊಳೆ ಇದರಲ್ಲಿ. ಬಾಯಿಗೆ ಹಾಕಿದ್ದು ಕಂಡರೆ ನೋಡು' ಎಂದು ಹೆದರಿಸಿದೆ. ಅವನು ಹಾಗೇ ಮಾಡಿದ. ಅವನ ಜೊತೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬನಿದ್ದಾನೆ, ಎಲ್ಲರೂ ಕುಳ್ಳ ಎಂದೇ ಕರೆಯುವುದು, ಅವನು ಅಂಗಡಿಗೆ ಬಂದು ದೂರು ಹೇಳಿದ: 'ನಿಮ್ಮಣ್ಣ ಈಗ ಮೇಲೆ ಕೂತು ಮಾತಾಡ್ತಾನೇ ಇರ್ತಾನೆ ಕಣಮ್ಮ, ಬಾಯಿ ಖಾಲಿ ನೋಡು. ಆ ಮೊಳೆನೇ ವಾಸಿ ಇತ್ತು.' ಇಬ್ಬರೂ ನಕ್ಕೆವು.

ಒಂದೂವರೆ ತಿಂಗಳು ಬಾಯಿಗೆ ಒಂದು ಮೊಳೆಯೂ ಹೋಗಲಿಲ್ಲ. ಗಾಯ ಹೋಗಲಿಲ್ಲ. ಈಗ ಯೋಚಿಸಿದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ. ಕಚ್ಚುವುದು ನಿಂತ ಮೇಲೂ ಗಾಯ ಉಳಿದಿದೆ ಎಂದರೆ ಕಚ್ಚಿದ್ದು ಮೊಳೆಯಲ್ಲ ಎಂದರ್ಥ. ಇದು ತಿಳಿಯಲು ಓದು ಬೇಕಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಈ ಹುಣ್ಣು ಅಂಗೈಯಲ್ಲೂ ಇರಲಿಲ್ಲ, ಮುಖದ ಮೇಲಿತ್ತು, ನನ್ನ ಎದುರಿಗೆ ಕೂತು ಟೀ ಕುಡಿಯುತ್ತಿತ್ತು. ನಾನು ವಿಟಮಿನ್ ಮಾತ್ರೆ ಕೊಟ್ಟೆ. ಐದನೇ ತಿಂಗಳು ಮೂರನೇ ಮುಲಾಮು. ಹೆಸರುಕಾಳು ಅಷ್ಟರಲ್ಲಿ ಕಡಲೆಕಾಳಾಗಿತ್ತು, ಅಂಚು ಗಟ್ಟಿಯಾಗಿತ್ತು.

'ವಾಸಿಯಾಗುತ್ತೆ ಅಲ್ವೇನೇ?' ಎಂದು ಒಂದೇ ಒಂದು ಸಲ ಕೇಳಿದ.

'ಆಗದೆ ಏನು? ಹಚ್ಚೋದನ್ನ ಸರಿಯಾಗಿ ಹಚ್ಚು' ಎಂದು ರೇಗಿದೆ.

ಎಂಟನೇ ತಿಂಗಳು ಅವನು ಅಂಗಡಿಗೆ ಬಂದಾಗ ನಾನು ಹಿಂದೆ ಡಬ್ಬಗಳನ್ನು ಬಿಚ್ಚುತ್ತಿದ್ದೆ. ಕೌಂಟರಿನಲ್ಲಿ ಯಜಮಾನರಿದ್ದರು. ಅವರು ಕನ್ನಡಕ ಹಣೆಗೆ ಏರಿಸಿ ನೋಡಿದರು. ಆಮೇಲೆ ಅವನ ದವಡೆಯ ಕೆಳಗೆ ಎರಡು ಬೆರಳಿಟ್ಟರು.

'ಇದು ಎಷ್ಟು ದಿನದಿಂದ ಇದೆ?'

'ಮೊಳೆ ಕಚ್ಚಿದ್ದು ಸಾರ್' ಎಂದ ಅಣ್ಣ.

'ನಾನು ಕೇಳಿದ್ದು ಅದಲ್ಲ.' ಯಜಮಾನರು ನನ್ನ ಕಡೆ ತಿರುಗಿದರು. 'ಅಂಗಡಿ ನಾನು ನೋಡ್ಕೋತೀನಿ. ನೀನು ಇವರನ್ನ ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು. ಎರಡು ಮೂರು ವಾರದಲ್ಲಿ ಮಾಯದ ಹುಣ್ಣನ್ನ ಯಾರೂ ಮನೇಲಿ ಇಟ್ಕೋಬಾರದು.'

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉಸಿರಾಡಬಹುದಿತ್ತು.

ಅತ್ತಿಗೆ ಹೊಲಿಗೆ ಕಾರ್ಖಾನೆಯಿಂದ ನೇರವಾಗಿ ಆಸ್ಪತ್ರೆಗೆ ಬಂದರು, ಭುಜದ ಮೇಲೆ ದಾರದ ತುಣುಕುಗಳು ಹಾಗೇ ಇದ್ದವು. ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಕೈಗವಸು ಹಾಕಿಕೊಂಡು ತುಟಿಯನ್ನು ಒಳಗಿಂದ ಹೊರಗಿಂದ ಒತ್ತಿ ನೋಡಿ, ಕುತ್ತಿಗೆ ನೋಡಿ, ಒಂದು ಫಾರಂ ಎಳೆದುಕೊಂಡು ಕೇಳುತ್ತಾ ಹೋದರು. ಸಿಗರೇಟು? ಬಿಟ್ಟು ನಾಲ್ಕು ವರ್ಷ. ಮುಂಚೆ ಎಷ್ಟು ವರ್ಷ? ಇಪ್ಪತ್ತೈದು. ಕುಡಿತ? ಚಾವಣಿ ಮುಗಿದ ದಿನ ಗೆಳೆಯರ ಜೊತೆ. ಬೇರೆಯವರ ಕಿಡ್ನಿಗಿಡ್ನಿ ಹಾಕಿಸಿಕೊಂಡು, ಮೈಯ ರೋಗ ತಡೆಯುವ ಕಸುವು ತಗ್ಗಿಸುವ ಮಾತ್ರೆ ಏನಾದರೂ ತಗೊಳ್ಳುತ್ತೀರಾ? ಇಲ್ಲ. ಕೆಲಸ ಏನು?

'ತಗಡು ಹಾಸೋದು.'

ಡಾಕ್ಟರ ಪೆನ್ನು ನಿಂತಿತು. 'ಎಷ್ಟು ವರ್ಷದಿಂದ?'

'ಮೂವತ್ತಮೂರು.'

'ಹೊಸ ತಗಡಾ? ಹೊಳೆಯೋದು?'

'ಹೌದು ಮೇಡಂ, ಕಣ್ಣು ಬಿಡಕ್ಕಾಗಲ್ಲ.'

'ಟೋಪಿ ಹಾಕ್ತಾ ಇದ್ದ ಮೇಡಂ' ಎಂದೆ ನಾನು ನಡುವೆ ಬಾಯಿ ಹಾಕಿ. 'ನಾನೇ ಕೊಡಿಸಿದ್ದೆ. ದೊಡ್ಡ ಅಂಚಿಂದು.'

'ಟೋಪಿ ಮೇಲಿಂದ ಬರೋ ಬಿಸಿಲನ್ನ ತಡೆಯುತ್ತೆ' ಎಂದರು ಅವರು ಮೆತ್ತಗೆ. 'ಇವರು ಬಗ್ಗಿ ಕೂತು ಕೆಲಸ ಮಾಡೋದು ಕನ್ನಡಿ ಮೇಲೆ. ಬಿಸಿಲು ಕೆಳಗಿಂದ ಎದ್ದು ನೇರ ಕೆಳತುಟಿಗೆ ಹೊಡೆಯುತ್ತೆ. ಅಲ್ಲಿ ಚರ್ಮ ತೆಳು, ಬಣ್ಣನೂ ಕಡಿಮೆ, ಕಾಪಾಡಕ್ಕೆ ಏನೂ ಇಲ್ಲ. ಅದರ ಮೇಲೆ ಇಪ್ಪತ್ತೈದು ವರ್ಷದ ಹೊಗೆ. ಸಿಗರೇಟು ಬಿಟ್ಟಿದ್ದು ಒಳ್ಳೇದೇ ಆಯ್ತು. ಆದರೆ ಬಿಸಿಲು ಬಿಡಲಿಲ್ಲವಲ್ಲ.'

ನಮ್ಮ ಅಂಗಡಿಯಲ್ಲಿ ಎಡಗಡೆ ಗಾಜಿನ ಗೂಡಿನಲ್ಲಿ, ತುಟಿಗೆ ಬಿಸಿಲು ತಾಗದ ಹಾಗೆ ಹಚ್ಚಿಕೊಳ್ಳುವ ಕಡ್ಡಿ ಇಟ್ಟಿದ್ದೇವೆ. ಮೇಲೊಂದು ಹುಡುಗಿಯ ಚಿತ್ರವಿರುತ್ತದೆ. ಪ್ರವಾಸಕ್ಕೆ ಹೋಗುವ ಹೆಂಗಸರಿಗೆ ನಾನೇ ಎಷ್ಟೋ ಮಾರಿದ್ದೇನೆ. ಹದಿನೇಳು ವರ್ಷದಲ್ಲಿ ಒಂದು ಸಲವೂ ಅದು ತಗಡಿನ ಮೇಲೆ ಕೂರುವ ಗಂಡಸಿನ ತುಟಿಗೆ ಬೇಕು ಎಂದು ನನಗೆ ಅನ್ನಿಸಲಿಲ್ಲ. ಹೊಗೆಯೊಂದೇ ಶತ್ರು ಎಂದು ಅದರ ಜೊತೆ ಜಗಳವಾಡಿ ಗೆದ್ದು ಕೂತಿದ್ದೆ.

ಡಾಕ್ಟರು ಕೊನೆಯ ಪ್ರಶ್ನೆ ಕೇಳಿದರು. 'ಈ ಗಾಯ ಆಗಿ ಎಷ್ಟು ದಿನ ಆಯ್ತು?'

ಅಣ್ಣ ನನ್ನ ಕಡೆ ನೋಡಲಿಲ್ಲ. 'ಎರಡು ತಿಂಗಳಾಯ್ತು ಮೇಡಂ' ಎಂದ.

'ಎರಡೇ?'

'ಹೂಂ, ಎರಡೇ.'

'ಏನಾದ್ರೂ ಹಚ್ಚಿದ್ರಾ?'

'ಇಲ್ಲ ಮೇಡಂ. ನಾನು ಯಾರಿಗೂ ಹೇಳೇ ಇರಲಿಲ್ಲ.'

ಅವನು ನನ್ನನ್ನು ಉಳಿಸುತ್ತಿದ್ದ. ಅದು ನನಗೆ ಆ ಕ್ಷಣವೇ ಗೊತ್ತಾಯಿತು. ನಾನು ಆಗ ಹೇಳಬೇಕಿತ್ತು: ಸುಳ್ಳು ಮೇಡಂ, ಎಂಟು ತಿಂಗಳು, ಮೂರು ಮುಲಾಮು, ಕೊಟ್ಟವಳು ನಾನು. ಪಕ್ಕದಲ್ಲಿ ಅತ್ತಿಗೆ ಕೂತಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಫೈಲನ್ನು ಎದೆಗೆ ಅವಚಿಕೊಂಡು ಗೋಡೆಯ ಮೇಲಿನ ಗಡಿಯಾರ ನೋಡುತ್ತಾ ನಿಂತೆ. ಊರಿಗೆಲ್ಲ ಔಷಧಿ ಹೇಳುತ್ತಿದ್ದ ಬಾಯಿ ಅದು.

ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಬಂದದ್ದು ಎಲ್ಲರೂ ಹೆದರುವ ಆ ಹೆಸರೇ. ದವಡೆಯ ಕೆಳಗಿನ ಗಂಟಿಗೂ ಇಳಿದಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: ತುಟಿಯದು ಬೇಗ ಕಣ್ಣಿಗೆ ಬೀಳುವ ಕಾಯಿಲೆ, ಸಣ್ಣದಿದ್ದಾಗ ಬಂದರೆ ಹೆಚ್ಚಿನವರು ವಾಸಿಯಾಗಿ ಮನೆಗೆ ಹೋಗುತ್ತಾರೆ, ಕುತ್ತಿಗೆಗೆ ಇಳಿದ ಮೇಲೆ ಲೆಕ್ಕವೇ ಬೇರೆ. 'ಎರಡು ತಿಂಗಳಿಗೆ ಇಷ್ಟೊಂದು ಬೆಳೆಯೋದು ಅಪರೂಪ' ಎಂದೂ ಹೇಳಿದರು. ನಾನು ಆಗಲೂ ತುಟಿ ಪಿಟಕ್ಕೆನ್ನಲಿಲ್ಲ.

ಆಪರೇಷನ್ ಆಯಿತು. ಕೆಳತುಟಿಯ ಅರ್ಧಕ್ಕಿಂತ ಹೆಚ್ಚು ಹೋಯಿತು, ಕೆನ್ನೆಯಿಂದ ಎಳೆದು ಹೊಸದೊಂದು ತುಟಿ ಕಟ್ಟಿದರು, ಕುತ್ತಿಗೆಯ ಗಂಟುಗಳನ್ನು ತೆಗೆದರು, ಆಮೇಲೆ ಆರು ವಾರ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿದೆವು. ಅಣ್ಣ ಎಲ್ಲವನ್ನೂ ಒಳ್ಳೇ ಕೆಲಸಗಾರನ ಹಾಗೆ ಸಹಿಸಿಕೊಂಡ. ನೋವಿಗಿಂತ ಅವನನ್ನು ಸೋಲಿಸಿದ್ದು ನೀರು. ಲೋಟ ಎತ್ತಿದರೆ ಅರ್ಧ ಒಳಗೆ, ಅರ್ಧ ಅಂಗಿಯ ಮೇಲೆ. ಅತ್ತಿಗೆ ಹಳೆಯ ಟವಲ್ಲುಗಳನ್ನು ಕತ್ತರಿಸಿ ಅಂಚು ಹೊಲಿದು, ಕುತ್ತಿಗೆಗೆ ಕಟ್ಟುವ ಚೌಕಗಳನ್ನು ಮಾಡಿದ್ದರು. ಯಾರಾದರೂ ಬಂದರೆ ಅವನು ಅದನ್ನು ಬಿಚ್ಚಿ ದಿಂಬಿನ ಕೆಳಗೆ ಇಡುತ್ತಿದ್ದ, ಅವರು ಹೋಗುವ ತನಕ ನೀರು ಕೇಳುತ್ತಿರಲಿಲ್ಲ. 'ಪ', 'ಬ', 'ಮ' ಅವನ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಕುಳ್ಳ ಬಂದು ಎರಡು ಗಂಟೆ ಹಳೆಯ ಚಾವಣಿಗಳ ಕತೆ ಹೇಳಿ, ಬಾಗಿಲ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಗೋಡೆಗೆ ಹಣೆ ಇಟ್ಟು ಅತ್ತ.

ನಾನು ದಿನಾ ಸಂಜೆ ಹೋಗುತ್ತಿದ್ದೆ. ಒಂದು ಸಂಜೆ ಅತ್ತಿಗೆ ದಿನಸಿ ತರಲು ಹೋಗಿದ್ದಾಗ ಅವನ ಮಂಚದ ಪಕ್ಕ ಕೂತು ಹೇಳಿದೆ, 'ಅಣ್ಣ, ನಾನು ಅತ್ತಿಗೆಗೆ ಹೇಳಿಬಿಡ್ತೀನಿ. ನನ್ನಿಂದ ಆಗ್ತಿಲ್ಲ.'

ಅವನು ತಲೆಯಾಡಿಸಿದ. ಬೇಡ ಎಂದು. ಚೌಕದಿಂದ ಬಾಯಿ ಒರೆಸಿಕೊಂಡು, ಪ್ರತಿ ಮಾತನ್ನೂ ಕಷ್ಟಪಟ್ಟು ಜೋಡಿಸಿ ಹೇಳಿದ: 'ನಾನು ಹೋದ್ರೆ... ಅವಳಿಗೆ ಇರೋದು ನೀನೊಬ್ಬಳೇ. ನಿನಗೆ ಅವಳೊಬ್ಬಳೇ. ಸುಮ್ನಿರು.'

'ನೀನೆಲ್ಲಿಗೂ ಹೋಗಲ್ಲ' ಎಂದೆ. ಆಗಲೂ ಕೋಪದಿಂದಲೇ ಹೇಳಿದೆ.

ಐದು ತಿಂಗಳಿಗೆ ಕುತ್ತಿಗೆಯಲ್ಲಿ ಮತ್ತೆ ಗಂಟು ಕಾಣಿಸಿತು. ಎರಡನೇ ಸಲ ಡಾಕ್ಟರು ಫಾರಂ ತುಂಬಲಿಲ್ಲ. ನೋವಿಗೆ ಔಷಧಿ ಬರೆದರು, ಆ ಚೀಟಿಯನ್ನು ನಮ್ಮ ಅಂಗಡಿಯಲ್ಲಿ ನಾನೇ ಓದಿದೆ, ಯಜಮಾನರು ತಾವೇ ಎಣಿಸಿ ಕೊಟ್ಟರು. ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಹೊರಗೆ ಒಳ್ಳೆಯ ಬಿಸಿಲಿದ್ದಾಗ, ಅಣ್ಣ ಹೋದ. ಐವತ್ತಮೂರು ತುಂಬಿತ್ತು. ಅವನಿಲ್ಲದ ಮೇಲೂ ಅವನ ತಗಡುಗಳು ಊರ ತುಂಬ ಹೊಳೆಯುತ್ತಿವೆ. ನನಗೆ ಅವುಗಳ ಮೇಲೆ ತಾಳಲಾರದ ಸಿಟ್ಟು ಬರುತ್ತದೆ, ಆಮೇಲೆ ಅವನು 'ಅದು ನಂದು' ಎಂದದ್ದು ನೆನಪಾಗಿ ಅಳು ಬರುತ್ತದೆ.

ಎಲ್ಲ ಮುಗಿದು ತಿಂಗಳು ಕಳೆದ ಮೇಲೆ ಅತ್ತಿಗೆ ಅವನ ಬಟ್ಟೆಗಳನ್ನು ತೆಗೆದಿಡಲು ನನ್ನನ್ನು ಕರೆದರು. ಕೆಲಸದ ಅಂಗಿಗಳನ್ನು ಕುಳ್ಳನಿಗೆ ಕೊಡುವುದೆಂದಾಗಿತ್ತು, ಉದ್ದ ಹೆಚ್ಚಾದರೂ ಅವನೇ ಕೇಳಿದ್ದ. ಅತ್ತಿಗೆ ಮಂಚದ ಆ ಕಡೆ, ನಾನು ಈ ಕಡೆ. ನಾಲ್ಕು ಅಂಗಿ ಮಡಚಿ, ಐದನೆಯದನ್ನು ಹಾಗೇ ಮಂಚದ ಮೇಲೆ ಬಿಟ್ಟೆ. ಅಣ್ಣ ಸುಮ್ಮನಿರು ಎಂದಿದ್ದ, ನಿಜ. ಆದರೆ ಅವರ ಮುಖ ನೋಡುತ್ತಾ, ಅವರ ಕೈಯ ಟೀ ಕುಡಿಯುತ್ತಾ ಇನ್ನು ಇಪ್ಪತ್ತು ವರ್ಷ ಹೇಗೆ ಸುಮ್ಮನಿರುವುದು?

'ಅತ್ತಿಗೆ, ಅವತ್ತು ಅಣ್ಣ ಡಾಕ್ಟರ ಹತ್ರ ಸುಳ್ಳು ಹೇಳಿದ. ಎರಡು ತಿಂಗಳಲ್ಲ, ಎಂಟು ತಿಂಗಳು. ನನಗೆ ಗೊತ್ತಿತ್ತು. ಮುಲಾಮು ಕೊಡ್ತಾ ಇದ್ದವಳು ನಾನು.'

ಅತ್ತಿಗೆ ಮಡಚುತ್ತಿದ್ದ ಅಂಗಿಯ ಕಾಲರನ್ನು ಸರಿಮಾಡಿ, ಗುಂಡಿ ಹಾಕಿ, ರಾಶಿಯ ಮೇಲಿಟ್ಟರು.

'ಗೊತ್ತು' ಎಂದರು.

ಅವರು ಇನ್ನೊಂದು ಅಂಗಿ ಎತ್ತಿಕೊಂಡರು.

'ಒಂದೇ ಮನೇಲಿ ಇದ್ದವಳಿಗೆ ಗಂಡನ ಮುಖ ಕಾಣಲ್ವೇನಮ್ಮ? ಮೂರನೇ ತಿಂಗಳಲ್ಲೇ ನನಗೆ ಭಯ ಹತ್ತಿತ್ತು. ಒಂದು ದಿನ ಫ್ಯಾಕ್ಟ್ರಿಗೆ ರಜೆ ಹಾಕಿ, ದೊಡ್ಡಾಸ್ಪತ್ರೆಗೆ ಹೋಗೋಣ ನಡೀರಿ ಅಂತ ಬಾಗಿಲಲ್ಲಿ ನಿಂತಿದ್ದೆ. ಅವರೂ ಅಂಗಿ ಹಾಕ್ಕೊಂಡ್ರು. ಚಪ್ಪಲಿ ಹಾಕ್ಕೊಂಡ್ರು. ಆಮೇಲೆ ಮತ್ತೆ ಬಿಟ್ರು.' ಅತ್ತಿಗೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಎಂದೋ ಖರ್ಚಾಗಿಹೋಗಿತ್ತು. 'ಬೇಡ ಕಣೇ ಅಂದ್ರು. ಅವಳು ಔಷಧಿ ಕೊಡ್ತಿದ್ದಾಳೆ, ನಾನು ಬೇರೆ ಕಡೆ ಹೋದೆ ಅಂತ ಗೊತ್ತಾದ್ರೆ ಬೇಜಾರು ಮಾಡ್ಕೋತಾಳೆ, ಮತ್ತೆ ಮಾತು ಬಿಡ್ತಾಳೆ ಅಂದ್ರು.'

ಇಲ್ಲ ಅತ್ತಿಗೆ, ನಾನು ಖಂಡಿತ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಮಾಡಿಕೊಳ್ಳುತ್ತಿದ್ದೆ.